ಅತ್ತೆಗೊಂದು ಕುಲಾವಿ, ಸ್ಕಾಟ್ಲೆಂಡಿನಿಂದ

ಹೊಳೆನರಸೀಪುರ

ನಾವು ವಿಮಾನ ಹತ್ತುತ್ತೇವೆಂದು ತಿಳಿದಾಗ ಮನೆಯಲ್ಲಿ ಹೆದರಿದವರು ಒಬ್ಬರೇ, ನಮ್ಮ ಅತ್ತೆ.

ನಮ್ಮ ಯಜಮಾನರಿಗೆ ಅರಕಲಗೂಡಿನ ಕಡೆ ಹೊಲವಿದೆ. ಅಲ್ಲಿ ಸುತ್ತಮುತ್ತ ಹೊಗೆಸೊಪ್ಪು, ಶುಂಠಿ ಹಾಕುವವರೇ ಹೆಚ್ಚು. ಇವರು ಮಾತ್ರ ಹಟ ಹಿಡಿದವರಂತೆ ಪ್ರತಿ ಮುಂಗಾರಿಗೂ ಆಲೂಗೆಡ್ಡೆಯನ್ನೇ ಬಿತ್ತುತ್ತಾರೆ. ಬಿತ್ತನೆ ಗೆಡ್ಡೆಯನ್ನು ಹೊರದೇಶದಲ್ಲಿ ಹೇಗೆ ಆರಿಸುತ್ತಾರೆ, ಕೊಳೆಯದಂತೆ ಹೇಗೆ ಕಾಪಾಡುತ್ತಾರೆ ಎಂದು ತೋರಿಸಲು ಹಾಸನ ಜಿಲ್ಲೆಯ ಕೆಲವು ಬೆಳೆಗಾರರನ್ನು ಸ್ಕಾಟ್ಲೆಂಡಿಗೆ ಕರೆದೊಯ್ಯಲು ತೋಟಗಾರಿಕೆ ಇಲಾಖೆ ಏರ್ಪಾಡು ಮಾಡಿತು. ಹೆಂಡತಿಯರೂ ಬರಬಹುದು ಎಂದಿದ್ದರು. ಉಳಿದ ಹೆಂಡತಿಯರೆಲ್ಲ ಚಳಿ, ಊಟ, ಕರೆಯುವ ಹಸು, ಮಕ್ಕಳ ಪರೀಕ್ಷೆ ಎಂದು ಒಬ್ಬೊಬ್ಬರಾಗಿ ಹಿಂದೆ ಸರಿದರು. ಕೊನೆಗೆ ಉಳಿದವಳು ನಾನು.

ಅತ್ತೆ ಹಿತ್ತಲ ಬಾಗಿಲಲ್ಲಿ ಕುಳಿತು ಕನಕಾಂಬರ ಕಟ್ಟುತ್ತಿದ್ದರು. ಸುದ್ದಿ ಕೇಳಿ ಅವರ ಕೈ ನಿಂತಿತು.

"ಅಷ್ಟು ಮ್ಯಾಲಕ್ಕೆ ಓಗದು, ಬೀಳ್ದಂಗೆ ಇಡ್ಕಳೋರ್ಯಾರು?" ಎಂದು ಮಗನನ್ನು ಕೇಳಿದರು.

"ಅದಕ್ಕೆ ರೆಕ್ಕೆ ಅವೆ ಕಣವ್ವ."

"ಕೋಳಿಗೂ ಅವೆ," ಎಂದರು ಅತ್ತೆ. ಆಮೇಲೆ ಹೂವಿನ ಬುಟ್ಟಿಯನ್ನು ಪಕ್ಕಕ್ಕಿಟ್ಟು, ಮನೆದೇವರ ದಿಕ್ಕಿಗೆ ತಿರುಗಿ, "ಇಬ್ರೂ ಸುಖವಾಗಿ ಓಗ್ಬಂದ್ರೆ ನಿಂಗೆ ಮುಡಿ ಕೊಡ್ತೀನಿ ಕಣಪ್ಪ," ಎಂದುಬಿಟ್ಟರು.

ಎಪ್ಪತ್ತು ದಾಟಿದರೂ ನಮ್ಮ ಅತ್ತೆಯ ತುರುಬನ್ನು ಹಿಡಿಯಲು ಎರಡು ಕೈ ಬೇಕು. ಬೀದಿಯಲ್ಲಿ ಯಾರ ಮನೆಗೆ ಸೊಸೆ ಬಂದರೂ ಮೊದಲು ಅವಳ ಜಡೆಯನ್ನು ನೋಡಿ, "ಇಲಿ ಬಾಲ ಇದ್ದಂಗದೆ," ಎನ್ನುವವರು ಅವರು. ನನ್ನದಕ್ಕೂ ಅದೇ ಮಾತು ಬಂದಿತ್ತು.

"ಬೇಡ ಅತ್ತೆ, ನಾವು ಬರೋ ಹೊತ್ತಿಗೆ ಇಲ್ಲೂ ಚಳಿ ಇಳಿದಿರುತ್ತೆ," ಎಂದೆ.

"ಚಳಿಯಾದ್ರೆ ಒಂದು ಕುಲಾವಿ ಎಣ್ಕಂಡ್ ಬಾ. ಕಾನ್ವೆಂಟ್ನಾಗೆ ಅದ್ನೇ ತಾನೇ ನೀನು ಕಲ್ತಿರದು?"

ನನಗೆ ಮುಡಿಯ ಮಾತಿಗಿಂತ ಈ ಮಾತಿನಿಂದಲೇ ಹೆಚ್ಚು ದಿಗಿಲಾಯಿತು. ನನ್ನ ತವರು ಚನ್ನರಾಯಪಟ್ಟಣ. ಅಪ್ಪ ನನ್ನನ್ನು ಹಾಸನದ ಕಾನ್ವೆಂಟಿನಲ್ಲಿ ಹಾಸ್ಟೆಲಿಗೆ ಬಿಟ್ಟು ಓದಿಸಿದರು. ಅಲ್ಲಿ ಸಿಸ್ಟರ್ ಒಬ್ಬರು ನಮಗೆ ಹೆಣಿಗೆ ಹೇಳಿಕೊಟ್ಟರು. ಮದುವೆಯಾಗಿ ಬಂದ ಮೇಲೆ ಈ ಬೀದಿಯ ಅರ್ಧದಷ್ಟು ಮಕ್ಕಳಿಗೆ ನಾನು ಕುಲಾವಿ, ಸ್ವೆಟರು ಹೆಣೆದಿದ್ದೇನೆ. ಅತ್ತೆ ಅದನ್ನು ಹೆಣಿಗೆ ಎಂದು ಕರೆದವರೇ ಅಲ್ಲ. "ಕಡ್ಡಿ ಕುಟ್ತಾ ಕೂತವ್ಳೆ," ಎನ್ನುತ್ತಿದ್ದರು. ಒಮ್ಮೆ ಅವರಿಗೆಂದೇ ಸ್ಕಾರ್ಫ್ ಹೆಣೆದುಕೊಟ್ಟಿದ್ದೆ. ಅದನ್ನು ಮಡಿಸಿ ಬೀರುವಿನಲ್ಲಿಟ್ಟು, ಹೊಳೆಯ ಕಡೆಯಿಂದ ಚಳಿಗಾಳಿ ಬೀಸುವ ಬೆಳಗುಗಳಲ್ಲಿ ಎಂದಿನಂತೆ ಟವೆಲನ್ನೇ ತಲೆಗೆ ಸುತ್ತಿಕೊಂಡು ಓಡಾಡಿದರು. ಅಂಥವರು ನನ್ನ ಕೈಕೆಲಸವನ್ನು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ತಪ್ಪಿದರೆ ಇನ್ನೊಮ್ಮೆ ಕೇಳುವವರಲ್ಲ ಎಂಬುದೂ ನನಗೆ ಗೊತ್ತಿತ್ತು.

ಹೂ ಕಟ್ಟುತ್ತಿದ್ದ ಬಾಳೆನಾರನ್ನೇ ತೆಗೆದು ಅವರ ತಲೆಯ ಸುತ್ತ ಹಿಡಿದೆ.

"ತುರುಬು ಸೇರಿಸ್ಕಂಡು ಅಳಿ ಕಣಮ್ಮಿ. ಆಮ್ಯಾಲೆ ಬಿಗಿಯಾಯ್ತು ಅಂತ ನನ್ ತಲೇನ ಬೈಬ್ಯಾಡ."

ಅವರು ಹೇಳಿದಂತೆಯೇ ತುರುಬನ್ನೂ ಬಳಸಿ ಅಳೆದು, ಗಂಟು ಹಾಕಿ, ಆ ನಾರಿನ ಸುತ್ತನ್ನು ಪರ್ಸಿನಲ್ಲಿ ಪಾಸ್‌ಪೋರ್ಟಿನ ಪಕ್ಕ ಇಟ್ಟುಕೊಂಡೆ.

ಬೆಂಗಳೂರಿನ ವಿಮಾನ ನಿಲ್ದಾಣ

ಇಲ್ಲಿ ನನ್ನ ಹೆಣಿಗೆ ಕಡ್ಡಿಗಳು ಹೋದವು. ವಿಮಾನದಲ್ಲಿ ಕುಳಿತು ಶುರು ಮಾಡೋಣವೆಂದು ಕೈಚೀಲದಲ್ಲಿಟ್ಟುಕೊಂಡಿದ್ದು ನನ್ನ ತಪ್ಪು. ತಪಾಸಣೆಯ ಹುಡುಗಿ ಸ್ಟೀಲಿನ ಆ ಎರಡು ಕಡ್ಡಿಗಳನ್ನು ಬೆರಳ ತುದಿಯಲ್ಲಿ ಒತ್ತಿ ನೋಡಿದಳು. ಕಾನ್ವೆಂಟಿನಿಂದ ನನ್ನ ಜೊತೆಗಿದ್ದ ಕಡ್ಡಿಗಳು ಅವು.

"ಯಾರಿಗೆ ಹೆಣಿತೀರಾ ಮೇಡಂ?"

"ನಮ್ಮ ಅತ್ತೆಗೆ ಕಣಮ್ಮ."

"ಅತ್ತೆಗಾ? ಹಾಗಾದ್ರೆ ಖಂಡಿತ ಬಿಡೋಕಾಗಲ್ಲ," ಎಂದು ನಗುತ್ತಲೇ ಅವನ್ನು ಡಬ್ಬಿಗೆ ಹಾಕಿದಳು. ಟಣ್ ಎಂಬ ಆ ಸದ್ದು ವಿಮಾನ ಮೇಲೇರಿದ ಮೇಲೂ ಕಿವಿಯಲ್ಲಿತ್ತು. ಪೆಟ್ಟಿಗೆಯೊಳಗೆ ಹಾಕಿ ಕಳಿಸಿದ್ದ ಕೊಬ್ಬರಿಎಣ್ಣೆ, ಸೀಗೆಪುಡಿ, ಹುಳಿಪುಡಿಗಳನ್ನು ಯಾರೂ ಕೇಳಲಿಲ್ಲ. ನಿಜವಾಗಿ ಅನಾಹುತ ಮಾಡುವ ಸಾಮಾನು ಆ ಪೆಟ್ಟಿಗೆಯಲ್ಲೇ ಇತ್ತೆಂದು ಆಗ ಯಾರಿಗೆ ಗೊತ್ತು.

ಸತ್ತ ಮರಗಳ ಊರು

ವಿಮಾನ ಇಳಿದು, ಇನ್ನೊಂದನ್ನು ಹತ್ತಿ ಇಳಿದು, ವ್ಯಾನಿನಲ್ಲಿ ಕುಳಿತು ಹೊರಗೆ ನೋಡಿದೆ. ದಾರಿಯ ಎರಡೂ ಕಡೆ ಮರಗಳೆಲ್ಲ ಒಣಗಿ ನಿಂತಿದ್ದವು. ಒಂದೆರಡಲ್ಲ, ಕಣ್ಣು ಹೋದಷ್ಟು ದೂರಕ್ಕೂ ಒಂದೇ ಒಂದು ಎಲೆಯಿಲ್ಲ. ಆ ದೇಶದಲ್ಲಿ ಚಳಿಗಾಲಕ್ಕೆ ಎಲೆ ಉದುರುತ್ತದೆ ಎಂದು ಸಿಸ್ಟರ್ ಪಾಠ ಮಾಡಿದ್ದರು, ಪರೀಕ್ಷೆಯಲ್ಲಿ ನಾನು ಬರೆದೂ ಇದ್ದೆ. ಬರೆದದ್ದು ಬೇರೆ, ಕಂಡದ್ದು ಬೇರೆ. ನಮ್ಮಲ್ಲಿ ಒಂದು ಮರ ಎಲೆ ಉದುರಿಸಿದರೆ ಪಕ್ಕದ್ದು ಚಿಗುರುತ್ತಿರುತ್ತದೆ. ತೆಂಗು, ಮಾವು, ಹಲಸು ವರ್ಷವಿಡೀ ಹಸಿರಾಗಿರುವುದನ್ನು ನಾವು ಯಾವತ್ತಾದರೂ ಒಂದು ಸುದ್ದಿಯೆಂದು ಮಾತಾಡಿದ್ದೇವೆಯೇ?

ಯಜಮಾನರು ನನಗಿಂತ ಹೆಚ್ಚು ಗಾಬರಿಯಾದರು. ತೆಂಗಿಗೆ ಒಂದರ ಹಿಂದೆ ಒಂದು ರೋಗ ಬರುವುದನ್ನು ನೋಡಿದ ಕಣ್ಣು ಅದು. ಜೊತೆಯವರನ್ನು ಬೇರೆ ಬೇರೆ ರೈತರ ಮನೆಗಳಲ್ಲಿ ಇಳಿಸಿ, ನಾವು ಉಳಿಯಬೇಕಿದ್ದ ಮನೆಯ ಮುಂದೆ ವ್ಯಾನು ನಿಂತ ಕೂಡಲೇ ಅವರು ಮನೆಯವರಿಗೆ ನಮಸ್ಕಾರ ಹೇಳುವ ಮೊದಲೇ ಅಂಗಳದ ಮರದ ಹತ್ತಿರ ಹೋಗಿ ತೊಗಟೆಯನ್ನು ಉಗುರಿನಲ್ಲಿ ಕೆರೆದರು.

"ಒಳಗೆ ಅಸಿ ಅದೆ ಕಣೇ. ಇನ್ನೂ ಜೀವ ಅದೆ. ಎಷ್ಟು ವರ್ಷದಿಂದ ಹಿಂಗೆ ಒಣಗ್ತಾ ಅವೆ ಅಂತ ಕೇಳು," ಎಂದರು.

ಕೇಳಬಾರದೆಂದು ಗೊತ್ತಿದ್ದೂ ಕೇಳಿದೆ. ಆ ಮನೆಯ ಯಜಮಾನ ಡೂಗಲ್, ನಮ್ಮಂತೆಯೇ ಆಲೂಗೆಡ್ಡೆ ಬೆಳೆಯುವವನು. ಕೆಂಪು ಗಡ್ಡ, ಬಾಗಿಲು ತುಂಬುವ ಆಳು. ಅವನು ನನ್ನ ಯಜಮಾನರ ಮುಖವನ್ನೂ ಮರವನ್ನೂ ನೋಡಿ, "ಪ್ರತಿ ವರ್ಷ ಸಾಯುತ್ತವೆ, ಏಪ್ರಿಲಿನಲ್ಲಿ ಎದ್ದು ಕೂರುತ್ತವೆ. ನಮ್ಮ ಮಾವನೂ ಹಾಗೆಯೇ ಇದ್ದರು," ಎಂದ. ಅವನ ಹೆಂಡತಿ ಮೊರಾಗ್ ಅವನ ಬೆನ್ನಿಗೆ ಕೈಚೀಲದಿಂದ ಒಂದು ಕೊಟ್ಟಳು. ಅವರ ಮಾತನ್ನು ನಾನಿಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರ ಇಂಗ್ಲಿಷಿನ ಮುಂದೆ ನನ್ನ ಕಾನ್ವೆಂಟ್ ಇಂಗ್ಲಿಷು ಮೊದಲ ದಿನ ಮೂಕವಾಗಿ ನಿಂತಿತ್ತು.

ಆ ಮನೆಯ ಹಿಂದೆ ಮಾತ್ರ ಒಂದು ಸಾಲು ಮರ ಕಪ್ಪು ಹಸಿರಾಗಿ, ಗೋಪುರದಂತೆ ನಿಂತಿತ್ತು. ಫರ್ ಮರಗಳು. ಕಾನ್ವೆಂಟಿನಲ್ಲಿ ಕ್ರಿಸ್ಮಸ್ಸಿಗೆ ಸಿಸ್ಟರುಗಳು ಸರ್ವೆ ಮರದ ಕೊಂಬೆ ಕಡಿದು ತಂದು ನಿಲ್ಲಿಸಿ, ಅದಕ್ಕೆ ಹತ್ತಿ ಅಂಟಿಸಿ, ಇದು ಹಿಮ ಎನ್ನುತ್ತಿದ್ದರು. ನಾವು ನಂಬಿದ್ದೆವು. ನಿಜವಾದದ್ದನ್ನು ನೋಡಲು ನಾನು ಇಷ್ಟು ವಯಸ್ಸಾಗಿ ಇಷ್ಟು ದೂರ ಬರಬೇಕಾಯಿತು.

ಡೂಗಲ್‌ನ ಅಡುಗೆಮನೆ

ಮಧ್ಯಾಹ್ನದ ಊಟ ಅರಗುವ ಮೊದಲೇ ಆ ಊರಿನಲ್ಲಿ ಕತ್ತಲಾಗುತ್ತದೆ. ದೀಪ ಹಚ್ಚಿ ಎಲ್ಲರೂ ಅಡುಗೆಮನೆ ಸೇರುತ್ತಾರೆ. ನಾಯಿಯೂ ಸೇರುತ್ತದೆ, ಅದಕ್ಕೊಂದು ಕುರ್ಚಿಯೂ ಇದೆ. ನಾನು ಗೊತ್ತಿಲ್ಲದೆ ಅದರಲ್ಲಿ ಕುಳಿತಿದ್ದಕ್ಕೆ ಅದು ನನ್ನೆದುರು ನಿಂತು, ನಾನು ಏಳುವವರೆಗೂ ನನ್ನನ್ನೇ ನೋಡಿತು.

ಮೊದಲ ಸಂಜೆ ಮೊರಾಗ್ ಹೊರಗಿನಿಂದ ಬಂದಳು. ಆಗ ತಾನೇ ಟ್ರ್ಯಾಕ್ಟರಿನಲ್ಲಿ ಗೆಡ್ಡೆಯ ಪೆಟ್ಟಿಗೆಗಳನ್ನು ಗೋದಾಮಿಗೆ ಒಟ್ಟಿ ಬಂದಿದ್ದಳು. ಬೂಟಿನ ಮಣ್ಣನ್ನು ಒದರಿ ಕುಳಿತು ಕಾಲು ಚಾಚಿದಳು. ಡೂಗಲ್ ಅವಳಿಗೆ ಚಹಾ ಕೊಟ್ಟು, ಒಲೆಯ ಪಕ್ಕದ ಬುಟ್ಟಿಯಿಂದ ಉಣ್ಣೆಯುಂಡೆ ತೆಗೆದು, ಹೆಣೆಯಲು ಕುಳಿತ.

ಯಜಮಾನರು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ನೋಡಬಾರದ್ದನ್ನು ನೋಡಿದವರ ಹಾಗೆ.

"ಏನೇ ಇದು," ಎಂದರು ಮೆಲ್ಲಗೆ, ಕನ್ನಡದಲ್ಲಿ. "ಅಷ್ಟುದ್ದ ಗಡ್ಡ ಬಿಟ್ಕಂಡು ಕುಲಾವಿ ಎಣೀತಾ ಕೂತವ್ನೆ. ಎಂಡ್ತಿ ನೋಡಿದ್ರೆ ಟ್ರ್ಯಾಕ್ಟ್ರು ಓಡಿಸ್ತಾಳೆ. ಊರ್ನಾಗೆ ಹೇಳ್ಬ್ಯಾಡ ಕಣೇ, ನಮ್ಮೆಂಗಸ್ರು ಕೇಳಿಸ್ಕಂಡಾರು."

"ನಾನ್ಯಾಕೆ ಹೇಳ್ಲಿ ರೀ," ಎಂದೆ. ಈಗ ಬರೆಯುತ್ತಿದ್ದೇನೆ, ಅದು ಬೇರೆ ವಿಷಯ.

ಆ ಊರಲ್ಲಿ ಅದೇನೂ ವಿಶೇಷವಲ್ಲವಂತೆ. ಡೂಗಲ್‌ನ ಅಜ್ಜ ಮೀನು ಹಿಡಿಯುವವನು, ದೋಣಿಯಲ್ಲಿ ಬಲೆಯನ್ನೂ ಹೆಣೆಯುತ್ತಿದ್ದ, ಟೋಪಿಯನ್ನೂ ಹೆಣೆಯುತ್ತಿದ್ದ. ಡೂಗಲ್ ತಲೆಯಲ್ಲಿದ್ದ ಬೂದು ಬಣ್ಣದ ಟೋಪಿಯನ್ನು ನಾನು ಹತ್ತಿರದಿಂದ ನೋಡಿದ್ದು ಆಗಲೇ. ಸುತ್ತಲೂ ಫರ್ ಮರಗಳು ಉಬ್ಬಿ ನಿಂತಿದ್ದವು. ಹಣೆಯ ಮೇಲಿನ ಪಟ್ಟಿಯಿಂದ ಒಂದೊಂದು ಬೊಡ್ಡೆ ಎದ್ದು, ಎರಡೂ ಬದಿಗೆ ಕೊಂಬೆ ಚಾಚಿ, ಮೇಲೆ ಹೋದಂತೆ ಕಿರಿದಾಗಿ, ನೆತ್ತಿಯಲ್ಲಿ ಎಲ್ಲ ಮರಗಳ ತುದಿಗಳೂ ಒಂದಾಗಿದ್ದವು. ಅಡುಗೆಮನೆಯ ಕಿಟಕಿಯಿಂದ ಕಾಣುವ ಸಾಲನ್ನು ನೋಡಿಕೊಂಡು ಅವನೇ ಕಟ್ಟಿದ ಮಾದರಿಯಂತೆ.

ಉಬ್ಬಿದ ಆ ಕೊಂಬೆಗಳು ನಾವು ಹಾಸನದಲ್ಲಿ ಜಡೆ ಹೆಣಿಗೆ ಎನ್ನುವ ಕೆಲಸ. ಮೂರು ಕುಣಿಕೆಗಳನ್ನು ಒಂದು ಗಿಡ್ಡ ಕಡ್ಡಿಗೆ ಹಾಕಿ ಮುಂದಕ್ಕೋ ಹಿಂದಕ್ಕೋ ತಡೆದು ನಿಲ್ಲಿಸಿ, ಪಕ್ಕದ ಮೂರನ್ನು ಮೊದಲು ಹೆಣೆದು, ಆಮೇಲೆ ತಡೆದದ್ದನ್ನು ಹೆಣೆದರೆ ಒಂದರ ಮೇಲೊಂದು ಹಾಯ್ದು ಜಡೆಯ ಎಳೆಯಂತೆ ನಿಲ್ಲುತ್ತದೆ. ಮುಂದೆ ತಡೆದರೆ ಎಡಕ್ಕೆ ವಾಲುತ್ತದೆ, ಹಿಂದೆ ತಡೆದರೆ ಬಲಕ್ಕೆ. ನನಗೆ ಅದು ಬರುತ್ತಿತ್ತು. ಜಡೆಯನ್ನು ಮರ ಮಾಡಬಹುದೆಂದು ಮಾತ್ರ ಗೊತ್ತಿರಲಿಲ್ಲ.

ಬಾಳೆನಾರಿನ ಅಳತೆ ತೆಗೆದು ಮೇಜಿನ ಮೇಲಿಟ್ಟು ನನ್ನ ಅತ್ತೆಯ ವಿಷಯ ಹೇಳಿದೆ. ಮುಡಿ ಎಂದರೆ ಏನೆಂದು ತಿಳಿಸಲು ಸ್ವಲ್ಪ ಹೊತ್ತು ಹಿಡಿಯಿತು. ಮಗ ವಿಮಾನದಲ್ಲಿ ಹೋಗಿ ಬಂದದ್ದಕ್ಕೆ ತಾಯಿ ತಲೆ ಬೋಳಿಸಿಕೊಳ್ಳುತ್ತಾಳೆ ಎಂದು ಕೇಳಿ ಆಶ್ಚರ್ಯಪಡುವ ಸರದಿ ಅವರದಾಯಿತು. ಮೊರಾಗ್ ತನ್ನ ಕೂದಲನ್ನು ಮುಟ್ಟಿ ನೋಡಿಕೊಂಡಳು. ಡೂಗಲ್ ನಾರಿನ ಸುತ್ತನ್ನು ಎತ್ತಿ ದೀಪಕ್ಕೆ ಹಿಡಿದ.

"ನಿಮ್ಮ ಅತ್ತೆಗೆ ಎತ್ತಿನ ತಲೆಯೇ?"

"ಕೂದಲು ದಟ್ಟ," ಎಂದೆ.

ಅವನೇನೋ ಹೇಳಲು ಹೊರಟವನು, ಹೆಂಡತಿ ನೋಡಿದ್ದಕ್ಕೆ ಸುಮ್ಮನಾದ. ತನ್ನ ಕುರಿಯ ಉಣ್ಣೆಯ ಉಂಡೆಗಳನ್ನೂ, ದಾರದಿಂದ ಜೋಡಿಸಿದ ಒಂದು ಜೊತೆ ಮರದ ಕಡ್ಡಿಯನ್ನೂ ಕೊಟ್ಟ. ಈ ವರ್ಷದ ಬೂದು ಉಣ್ಣೆ ಇಷ್ಟೇ ಉಳಿದಿರುವುದು, ಸಾಕಾಗುತ್ತದೆ ಎಂದ. ಮೂಸಿ ನೋಡಿದೆ. ಹೊಸ ಕಂಬಳಿಯ ವಾಸನೆ. ಹಾಸನದ ಅಂಗಡಿಯಲ್ಲಿ ನಾನು ಇಷ್ಟು ವರ್ಷ ಉಲ್ಲನ್ ಎಂದು ಕೊಂಡು ತಂದದ್ದು ಕುರಿಯ ಮುಖವನ್ನೇ ಕಂಡದ್ದಲ್ಲ, ಬರೀ ಪ್ಲಾಸ್ಟಿಕ್ಕಿನ ನೂಲು ಎಂದು ನನಗೆ ತಿಳಿದದ್ದು ಆ ಮೇಜಿನ ಮುಂದೆ.

ಬಿಚ್ಚಿದ್ದು

ಹಗಲು ಗಂಡಸರು ಗೋದಾಮು, ಗೆಡ್ಡೆ ಎಂದು ತಿರುಗುತ್ತಿದ್ದರು. ನಾನು ಮೊರಾಗ್ ಜೊತೆ ಓಡಾಡಿ ಬಂದು, ಕತ್ತಲಾದ ಕೂಡಲೇ ಡೂಗಲ್‌ನ ಎದುರು ಕುಳಿತು ಹೆಣೆಯುತ್ತಿದ್ದೆ. ಊಟಕ್ಕೆ ದಿನವೂ ಆಲೂಗೆಡ್ಡೆ. ಬೇಯಿಸಿದ್ದು, ಹುರಿದದ್ದು, ನುರಿದದ್ದು. "ಬೆಳೆಯೋ ನಾನೇ ಇಷ್ಟು ತಿಂದಿಲ್ಲ," ಎಂದು ಯಜಮಾನರು ತಟ್ಟೆಯ ಮುಂದೆ ನಿಟ್ಟುಸಿರುಬಿಡುತ್ತಿದ್ದರು.

ನನ್ನ ಕುಲಾವಿಯಲ್ಲೂ ಅವನ ಟೋಪಿಯಂಥ ಮರಗಳು ಅರ್ಧ ಎದ್ದಿದ್ದವು. ನನಗೆ ಒಳಗೊಳಗೇ ಹೆಮ್ಮೆಯಿತ್ತು. ಡೂಗಲ್ ಒಂದು ಸಂಜೆ ಅದನ್ನು ಕೈಗೆ ತೆಗೆದುಕೊಂಡು ಸುತ್ತಲೂ ತಿರುಗಿಸಿ, ಒಂದು ಮರದ ಕೆಳಗಿನ ಕೊಂಬೆಯ ಮೇಲೆ ಬೆರಳಿಟ್ಟ. ಅದು ಬಲಕ್ಕೆ ಹೋಗುವ ಬದಲು ಎಡಕ್ಕೆ ಹೋಗಿತ್ತು. ಮೇಲೆ ಬೇಕಾದಷ್ಟು ಸಾಲು ಹೆಣೆದಾಗಿತ್ತು.

"ಪರವಾಗಿಲ್ಲ, ಯಾರಿಗೂ ಕಾಣೋದಿಲ್ಲ," ಎಂದೆ.

"ಹೌದು," ಎಂದ ಡೂಗಲ್. ಎಂದವನೇ ಕಡ್ಡಿಯನ್ನು ಸರಕ್ಕನೆ ಎಳೆದು, ಉಣ್ಣೆಯ ತುದಿ ಹಿಡಿದು ಬಿಚ್ಚತೊಡಗಿದ.

ಕಾನ್ವೆಂಟಿನಲ್ಲಿ ತಪ್ಪಾದರೆ ಸಿಸ್ಟರ್ ಅಳು ಬರುವ ಹಾಗೆ ಬೈಯುತ್ತಿದ್ದರು, ಆಮೇಲೆ ಸೂಜಿಯಿಂದ ಹಿಂಬದಿಯಲ್ಲಿ ಹೇಗೆ ಮುಚ್ಚಬೇಕೆಂದು ಹೇಳಿಕೊಡುತ್ತಿದ್ದರು. ಹೆಣೆದದ್ದನ್ನು ಬಿಚ್ಚುವುದನ್ನು ನಾನು ಕಂಡಿರಲಿಲ್ಲ. ಅದೂ ಇಷ್ಟು ಸಲೀಸಾಗಿ, ಬಟಾಣಿ ಸುಲಿದ ಹಾಗೆ. ಸಾಲು ಸಾಲಾಗಿ ಮರಗಳು ನನ್ನ ಕಣ್ಣೆದುರೇ ನೆಲಕ್ಕಿಳಿದವು. ಯಜಮಾನರು ಎದ್ದು ನಿಂತುಬಿಟ್ಟರು.

"ಹೇಯ್, ನಮ್ಮವ್ವಂದು ಕಣಯ್ಯ ಅದು," ಎಂದರು, ಡೂಗಲ್‌ಗೆ, ಶುದ್ಧ ಹೊಳೆನರಸೀಪುರದ ಕನ್ನಡದಲ್ಲಿ.

ಡೂಗಲ್‌ಗೆ ಅರ್ಥವಾಗಿರಬೇಕು. ಬಿಚ್ಚುವುದು ನಿಲ್ಲಿಸಿ ನನ್ನನ್ನು ನೋಡಿ, "ಇದು ಅವರು ನಿಮ್ಮನ್ನು ಕೇಳಿದ ಮೊದಲನೆಯದು ಅಂದಿರಲ್ಲ? ನನ್ನ ಅತ್ತೆ ನನ್ನನ್ನು ಏನಾದರೂ ಕೇಳಿದ್ದರೆ ನಾನು ನಾಲ್ಕು ಸಲ ಬಿಚ್ಚುತ್ತಿದ್ದೆ," ಎಂದ. ಮೊರಾಗ್, "ನಮ್ಮಮ್ಮ ನಿನ್ನನ್ನು ಕೇಳಿದ್ದರು, ಎದ್ದು ಹೋಗು ಅಂತ," ಎಂದಳು.

ಅವತ್ತು ಮೊರಾಗ್ ನಕ್ಕಷ್ಟು ನಾನು ನಗಲಿಲ್ಲ. ಆದರೆ ಮತ್ತೆ ಹೆಣೆದೆ. ಊರಿನಿಂದ ಅತ್ತೆ ವಿಡಿಯೊ ಕರೆಯಲ್ಲಿ ಸಿಗುತ್ತಿದ್ದರು. ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಹೊದ್ದು, ಫೋನಿಗೆ ತೀರಾ ಹತ್ತಿರ ಬಂದು, ಮೂಗನ್ನಷ್ಟೇ ತೋರಿಸುತ್ತಾ ಮಾತಾಡುತ್ತಿದ್ದರು. ಹೊರದೇಶದವರ ಮುಂದೆ ಮರ್ಯಾದೆಗೆ ಸೆರಗು ಹೊದ್ದಿದ್ದಾರೆಂದು ನಾನು ಅಂದುಕೊಂಡೆ.

"ಎಲ್ಲಿಗ್ ಬಂತು ಕುಲಾವಿ?"

"ಬರ್ತಾ ಇದೆ ಅತ್ತೆ."

"ಬಿರ್ನೆ ಎಣಿ. ಇಲ್ಲಿ ಕಿವಿಯೊಳಕ್ಕೆ ನೀರು ಉಯ್ದಂಗಾಯ್ತದೆ ಚಳಿ."

ಕೊಬ್ಬರಿಎಣ್ಣೆ

ಹೊರಡುವ ಮುನ್ನಾದಿನ ಕುಲಾವಿ ಮುಗಿಯಿತು. ಒಂದು ಕೊಂಬೆಯೂ ದಾರಿ ತಪ್ಪಿರಲಿಲ್ಲ. ಬಾಳೆನಾರನ್ನು ಸುತ್ತ ಹಿಡಿದರೆ ಸರಿಯಾಗಿ ಕೂತಿತು. ಡೂಗಲ್ ಅದನ್ನು ಮುಷ್ಟಿಯ ಮೇಲೆ ಕೂರಿಸಿ ತಿರುಗಿಸಿ ನೋಡಿ, ಏನೂ ಹೇಳದೆ ಹಿಂದಿರುಗಿಸಿದ. ಅವನ ಬಾಯಿಂದ ತಮಾಷೆ ಬರಲಿಲ್ಲವೆಂದರೆ ಅದೇ ಪ್ರಶಸ್ತಿ.

ನಮ್ಮ ಕೋಣೆಯ ಗೋಡೆಗೆ ಒಂದು ಕಬ್ಬಿಣದ ಹಲಗೆಯಿತ್ತು. ಅದರೊಳಗೆ ಬಿಸಿನೀರು ಹರಿದು ಕೋಣೆ ಬೆಚ್ಚಗಾಗುತ್ತದೆ. ಊರು ತಲುಪುವ ಮೊದಲು ತಲೆಗೆ ಎಣ್ಣೆ ಹಚ್ಚಿಕೊಳ್ಳೋಣವೆಂದು ಪೆಟ್ಟಿಗೆಯಿಂದ ಕೊಬ್ಬರಿಎಣ್ಣೆ ತೆಗೆದರೆ ಸುಣ್ಣದ ಗಟ್ಟಿಯಂತಾಗಿತ್ತು. ಕರಗಲಿ ಎಂದು ಆ ಹಲಗೆಯ ಮೇಲೆ ಸೀಸೆಯನ್ನು ಮಲಗಿಸಿದೆ. ಪಕ್ಕದಲ್ಲೇ ಕುಲಾವಿಯನ್ನೂ ಇಟ್ಟೆ, ಬೆಚ್ಚಗಿರಲಿ ಎಂದು. ಬೆಳಿಗ್ಗೆ ಎದ್ದು ನೋಡಿದರೆ ಎಣ್ಣೆ ಕರಗಿತ್ತು, ಮುಚ್ಚಳದ ಸಂದಿನಿಂದ ಇಳಿದಿತ್ತು, ಸೀಸೆಯಲ್ಲಿದ್ದದ್ದೆಲ್ಲ ಕುಲಾವಿಯಲ್ಲಿತ್ತು.

ಗಾಬರಿಯಾಯಿತು, ಆದರೆ ಧೈರ್ಯ ಹೋಗಲಿಲ್ಲ. ಎಣ್ಣೆ ಬಿಡಿಸುವುದು ನನಗೆ ಗೊತ್ತಿಲ್ಲದ ಕೆಲಸವೇ? ಬಟ್ಟೆಗೆ ಎಣ್ಣೆಯಾದರೆ ಕುದಿಯುವ ನೀರು. ತಲೆಗೆ ಎಣ್ಣೆಯಾದರೆ ಸೀಗೆಪುಡಿ. ಉಣ್ಣೆಯೂ ಒಂದು ಕೂದಲೇ ತಾನೇ. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ನೀರು ಕುದಿಸಿ, ಸೀಗೆಪುಡಿ ಕದಡಿ, ಕುಲಾವಿಯನ್ನು ಮುಳುಗಿಸಿ, ಮರದ ಸೌಟಿನಿಂದ ಕುಟ್ಟಿ, ಕೈ ತಾಳುವಷ್ಟು ಆರಿದ ಮೇಲೆ ಎರಡು ಅಂಗೈಗಳ ನಡುವೆ ಹಾಕಿ ಉಜ್ಜಿದೆ. ತಣ್ಣೀರಿನಲ್ಲಿ ಜಾಲಿಸಿ ಮತ್ತೆ ಕುದಿನೀರಿಗೆ ಹಾಕಿದೆ. ಮುದ್ದೆ ತೊಳಸುವಾಗ ಹಿಟ್ಟು ಕೂಡಿಕೊಂಡು ಗಟ್ಟಿಯಾಗುತ್ತದಲ್ಲ, ಹಾಗೆ ಅದು ನನ್ನ ಕೈಯಲ್ಲಿ ಗಟ್ಟಿಯಾಗುತ್ತಾ ಬಂತು. ಒಳ್ಳೆಯ ಉಣ್ಣೆ, ಮೈ ಕಟ್ಟುತ್ತಿದೆ ಎಂದುಕೊಂಡೆ. ನಮ್ಮ ಪ್ಲಾಸ್ಟಿಕ್ ಉಲ್ಲನ್ನಿನ ಸ್ವೆಟರುಗಳನ್ನು ನಾನು ಹೀಗೆಯೇ ಒಗೆದಿದ್ದೇನೆ, ಕಲ್ಲಿಗೆ ಎತ್ತಿ ಹಾಕಿದ್ದೇನೆ, ಅವುಗಳಿಗೆ ಏನೂ ಆದದ್ದಿಲ್ಲ.

ಎಣ್ಣೆಯೆಲ್ಲ ಹೋಯಿತು. ಹಿಂಡಿ, ಒದರಿ, ಬಿಡಿಸಿ ನೋಡಿದೆ.

ಕೈಯಲ್ಲಿದ್ದದ್ದು ನನ್ನ ಕುಲಾವಿಯಾಗಿರಲಿಲ್ಲ. ಹಲಗೆಯಂತೆ ದಪ್ಪವಾದ, ಸುಲಿಯದ ತೆಂಗಿನಕಾಯಿಗೆ ತೊಡಿಸಬಹುದಾದಷ್ಟು ಚಿಕ್ಕ ಒಂದು ಚಿಪ್ಪು. ಬಾಳೆನಾರನ್ನು ತಂದು ಹಿಡಿದೆ. ನಾಲ್ಕು ಬೆರಳು ಕಡಿಮೆ. ಎಳೆದೆ, ಬರಲಿಲ್ಲ. ಮೊಣಕಾಲಿಗೆ ಹಾಕಿ ಜಗ್ಗಿದೆ, ಜಗ್ಗಲಿಲ್ಲ. ಮರಗಳು ಒಂದರೊಳಗೊಂದು ಕರಗಿ ಹೋಗಿದ್ದವು. ಅಲ್ಲೇ ನೆಲದ ಮೇಲೆ ಕುಳಿತೆ. ನಾಯಿ ಬಂದು ನನ್ನನ್ನು ಮೂಸಿ, ಸೀಗೆಯ ಘಾಟಿಗೆ ಸೀನಿತು.

ಮೊರಾಗ್ ಬಂದವಳು ಬಾಗಿಲಲ್ಲೇ ಬಾಯಿಗೆ ಕೈ ಇಟ್ಟುಕೊಂಡು ನಿಂತಳು. "ಬಿಸಿನೀರಾ?" ಎಂದಳು. ನಿಜವಾದ ಉಣ್ಣೆಯನ್ನು ಬಿಸಿನೀರಲ್ಲಿ ಉಜ್ಜಬಾರದೆಂದು ಅವರು ನನಗೆ ಹೇಳಿರಲಿಲ್ಲ. ಕಾದ ಕಾವಲಿ ಮುಟ್ಟಬೇಡ ಎಂದು ಮನೆಗೆ ಬಂದ ನೆಂಟರಿಗೆ ನಾವು ಹೇಳುತ್ತೇವೆಯೇ?

ಡೂಗಲ್‌ನನ್ನು ಕೇಳಿಕೊಂಡೆ, "ಬಿಚ್ಚಿಬಿಡಿ. ಮತ್ತೆ ಹೆಣೆಯುತ್ತೇನೆ, ವಿಮಾನದಲ್ಲಾದರೂ ಹೆಣೆಯುತ್ತೇನೆ."

ಅವನು ತುದಿ ಹುಡುಕಿ ಎಳೆದ. ಎಳೆ ಮಿಸುಕಲಿಲ್ಲ. "ಇದನ್ನು ಇನ್ನು ಯಾರೂ ಬಿಚ್ಚಲಾರರು," ಎಂದ. ಬೇರೆ ಉಣ್ಣೆಯಿರಲಿಲ್ಲ, ಹೊತ್ತೂ ಇರಲಿಲ್ಲ. ವ್ಯಾನು ಬಂದಿತ್ತು. ಹೊರಡುವಾಗ ಡೂಗಲ್ ತನ್ನ ತಲೆಯ ಟೋಪಿಯನ್ನು ತೆಗೆದ. ಅಷ್ಟು ದಿನದಲ್ಲಿ ಅವನ ನೆತ್ತಿಯನ್ನು ನಾನು ಕಂಡದ್ದು ಅದೇ ಮೊದಲು. ಅಲ್ಲಿ ಒಂದು ಕೂದಲೂ ಇರಲಿಲ್ಲ. ಟೋಪಿಯನ್ನು ನನ್ನ ಕೈಯಲ್ಲಿಟ್ಟು, "ನಿಮ್ಮ ಅತ್ತೆಗೆ," ಎಂದ.

ದಾರಿಯಲ್ಲಿ ಯಜಮಾನರು ಅವರಿಗೆ ತೋಚಿದಂತೆ ಸಮಾಧಾನ ಹೇಳಿದರು. "ಇದೇ ನಾನು ಎಣ್ದಿದ್ದು ಅಂತ ಕೊಟ್ಬುಡು. ಅವ್ವಂಗೇನ್ ಗೊತ್ತಾಯ್ತದೆ?"

ಚಿಪ್ಪಾದ ಕುಲಾವಿಯನ್ನು ಲಂಗದಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿಟ್ಟಿದ್ದೆ.

ಮತ್ತೆ ಹೊಳೆನರಸೀಪುರ

ಬೆಳಗಿನ ಮಂಜು ಇನ್ನೂ ಬೀದಿಯಲ್ಲಿತ್ತು. ಅತ್ತೆ ಬಾಗಿಲಲ್ಲೇ ನಿಲ್ಲಿಸಿ, ತಂಬಿಗೆ ನೀರಿನಿಂದ ಇಬ್ಬರಿಗೂ ದೃಷ್ಟಿ ತೆಗೆದರು. ನೀರು ಚೆಲ್ಲಲು ಬಗ್ಗಿದಾಗ ಸೆರಗು ಜಾರಿತು.

ತಲೆ ನುಣ್ಣಗಿತ್ತು. ಎರಡು ಕೈ ಬೇಕಾಗುತ್ತಿದ್ದ ಆ ತುರುಬಿದ್ದ ಕಡೆ ಬೆಳ್ಳಗೆ ಮೊಳೆತ ಕೂದಲ ನೆರಳು. ಅತ್ತೆಯ ಮುಖವೇ ಬೇರೆಯಾಗಿತ್ತು. ಕಿವಿಗಳು ದೊಡ್ಡದಾಗಿ, ತಲೆ ಪುಟ್ಟದಾಗಿ, ಯಾರದೋ ಮನೆಯ ಮಗುವಿನ ಹಾಗೆ.

"ಅವ್ವ, ಯಾವಾಗ?" ಎಂದರು ಯಜಮಾನರು.

"ನೀವು ಬೆಂಗ್ಳೂರ್ ಬಸ್ಸತ್ತಿದ್ರಲ್ಲ, ಅವತ್ತೇ."

"ಬಂದ ಮೇಲೆ ಕೊಡ್ತೀನಿ ಅಂದಿದ್ರಲ್ಲ ಅತ್ತೆ?"

"ಇಳಿದ್ಮ್ಯಾಲೆ ಕೊಟ್ರೆ ಯಾರಿಗ್ ಬೇಕು? ಮ್ಯಾಲಿರೋವಾಗ ತಾನೇ ಅವ್ನು ಇಡ್ಕಬೇಕಾದ್ದು. ದೇವ್ರಾದ್ರೂ ಮುಂಚೆ ಕೊಟ್ರೆ ಕೆಲ್ಸ ಚಂದಾಗ್ ಮಾಡ್ತಾನೆ," ಎಂದು ಸೆರಗು ಎಳೆದುಕೊಂಡರು. "ಅದಿರ್ಲಿ, ನನ್ ಕುಲಾವಿ ಎಲ್ಲಿ? ಇಷ್ಟು ದಿನ ಟವಲ್ ಸುತ್ಕಂಡ್ರೆ ನಿಲ್ಲಕಿಲ್ಲ, ಜಾರಿ ಜಾರಿ ಬೀಳ್ತದೆ."

ಅಷ್ಟು ದಿನವೂ ಫೋನಿನಲ್ಲಿ ನಾನು ನೋಡಿದ್ದ ಆ ಸೆರಗಿನ ಒಳಗೆ ಈ ತಲೆ ಇತ್ತು. ನಾನು ಬೆಚ್ಚಗಿನ ಅಡುಗೆಮನೆಯಲ್ಲಿ ಕುಳಿತು, ಬರ್ತಾ ಇದೆ ಅತ್ತೆ ಎನ್ನುತ್ತಿದ್ದೆ.

ಡೂಗಲ್‌ನ ಟೋಪಿಯನ್ನು ಕೊಟ್ಟೆ. ಕೊಡುವಾಗಲೇ, "ಇದು ನಾನು ಹೆಣೆದದ್ದಲ್ಲ ಅತ್ತೆ, ಆ ಮನೆಯವರು ಕೊಟ್ಟಿದ್ದು," ಎಂದೆ. ಯಜಮಾನರು ತಲೆ ಚಚ್ಚಿಕೊಂಡರು.

ಅತ್ತೆ ಹಾಕಿಕೊಂಡರು. ಅದು ಹಣೆ ದಾಟಿ, ಹುಬ್ಬು ದಾಟಿ, ಮೂಗಿನ ಮೇಲೆ ಬಂದು ನಿಂತಿತು.

"ಇದೇನ್ ಕುಲಾವಿನೋ, ಭತ್ತ ಅಳಿಯೋ ಕೊಳಗನೋ?" ಎಂದಿತು ಒಳಗಿನಿಂದ ದನಿ. ತೆಗೆದು ಮಗನ ಕೈಗೆ ಕೊಟ್ಟು, "ನೀ ಎಣ್ದಿದ್ದೆಲ್ಲಮ್ಮಿ? ಎಣೀತಾ ಇವ್ನಿ ಅಂದ್ಯಲ್ಲ."

"ಅದು ಹಾಳಾಯ್ತು ಅತ್ತೆ."

"ತತ್ತಾ ನೋಡನ."

ಪೆಟ್ಟಿಗೆಯ ತಳದಿಂದ ತೆಗೆದು ತಂದೆ. ಎಣ್ಣೆಯ ಕಥೆ, ಕುದಿನೀರಿನ ಕಥೆ ಎಲ್ಲ ಹೇಳಿದೆ. ಅತ್ತೆ ಅದನ್ನು ಮೂಸಿ, "ಸೀಗೇಕಾಯಿ," ಎಂದರು. ಒಳಗೆ ಕೈ ಹಾಕಿ ಉಜ್ಜಿ ನೋಡಿದರು. ಆಮೇಲೆ ತಲೆಗೆ ಇಟ್ಟು ಎರಡೂ ಕೈಯಿಂದ ಕೆಳಕ್ಕೆ ಎಳೆದುಕೊಂಡರು.

ಅದು ಕೂತಿತು. ಹಣೆಯ ಅರ್ಧಕ್ಕೆ, ಕಿವಿಯ ಕೆಳಗೆ, ಕುತ್ತಿಗೆಯ ಗುಳಿಯವರೆಗೆ, ಬೆರಳು ತೂರಿಸಲೂ ಸಂದಿಲ್ಲದ ಹಾಗೆ ಕೂತಿತು. ನಾನು ಅಳತೆ ತೆಗೆದದ್ದು ತುರುಬಿನದು, ತಲೆಯದಲ್ಲ ಎಂದು ನನಗೆ ಹೊಳೆದದ್ದು ಆಗಲೇ. ನನ್ನ ಬಾಳೆನಾರಿನ ಆ ನಾಲ್ಕು ಬೆರಳನ್ನು ಅವರು ಆಗಲೇ ದೇವರಿಗೆ ಕೊಟ್ಟಾಗಿತ್ತು.

"ಕಂಬ್ಳಿ ಇದ್ದಂಗದೆ ಕಣಮ್ಮಿ. ಗಾಳಿ ಓಗಕಿಲ್ಲ," ಎಂದರು. ಕನ್ನಡಿಯ ಮುಂದೆ ನಿಂತು ಅಡ್ಡಡ್ಡ ತಿರುಗಿ ನೋಡಿಕೊಂಡರು. ಕುದಿನೀರಿನಲ್ಲಿ ಕೊಂಬೆಗಳು ಒಂದರಲ್ಲೊಂದು ಸೇರಿ, ಮರಗಳು ಮಂಜಿನ ಹಿಂದೆ ನಿಂತಂತೆ ಕಾಣುತ್ತಿದ್ದವು. "ಇದ್ಯಾವ್ ಗಿಡ, ಸುತ್ತಾನೂ?"

ನಾನು ಹೇಳಿದೆ. ಆ ದೇಶದಲ್ಲಿ ಚಳಿ ಬಂದರೆ ಮರಗಳೆಲ್ಲ ಒಂದು ಎಲೆಯೂ ಇಲ್ಲದೆ ಬರಿದಾಗುತ್ತವೆ, ಇದೊಂದು ಜಾತಿ ಮಾತ್ರ ಹಾಗೇ ಹಸಿರಾಗಿ ನಿಂತಿರುತ್ತದೆ ಎಂದೆ.

"ಮಿಕ್ಕಿದ್ದೆಲ್ಲ ಬೋಳಾಯ್ತವಾ?"

"ಹೂಂ ಅತ್ತೆ."

ಅತ್ತೆ ಕನ್ನಡಿಯಲ್ಲೇ ನನ್ನನ್ನು ನೋಡಿದರು. "ಅಲ್ಲ ಕಣಮ್ಮಿ, ಬೋಳಾಗ್ದೇ ಇರೋ ಮರಾನ ಅಲ್ಲಿಂದ ಒತ್ಕಂಡ್ ಬಂದು ನನ್ ಬೋಳು ತಲೆ ಮ್ಯಾಲೆ ನೆಟ್ಟಿದ್ದೀಯಲ್ಲ," ಎಂದು ಹೇಳಿ, ಅದನ್ನು ತೆಗೆಯದೆಯೇ ಮುದ್ದೆಗೆ ಎಸರಿಡಲು ಒಳಗೆ ಹೋದರು.